ಮೂರನೆಯ ಕಪ್ಪೆಯ ಗೆರೆ

ಮಂಗಲಾಳಿಗೆ ಬಹಳ ಬೇಗ ಹೇಸಿಗೆಯಾಗುತ್ತಿತ್ತು. ಗೋವಾದ ವಾಸ್ಕೋ ಬಂದರಿನ ಹಿಂದಿನ ಗುಡ್ಡದ ಮೇಲೆ ಅವರ ಮನೆ. ಗಾಳಿ ಬೀಸಿದರೆ ಕಲ್ಲಿದ್ದಲ ಪುಡಿ, ಗಾಳಿ ನಿಂತರೆ ಮೀನಿನ ವಾಸನೆ. ಅಂಥಲ್ಲಿ ಹುಟ್ಟಿ ಬೆಳೆದವಳು ಲೋಟದ ಅಂಚಿನಲ್ಲಿ ಬೆರಳ ಗುರುತು ಕಂಡರೆ ನೀರು ಚೆಲ್ಲಿಬಿಡುತ್ತಿದ್ದಳು. "ಇಂಥಾ ಮೂಗು ಇಟಗೊಂಡು ವಾಸ್ಕೋದಾಗ ಹೆಂಗ ಬಾಳೇ ಮಾಡ್ತೀಯವ್ವಾ?" ಎಂದು ಅವಳ ತಂದೆ ಯಮನೂರಪ್ಪ ನಗುತ್ತಿದ್ದ.

ಯಮನೂರಪ್ಪ ಬಾದಾಮಿ ಕಡೆಯಿಂದ ಬಂದು ಮೂವತ್ತು ವರ್ಷ ಹಡಗುಗಳ ತಳಕ್ಕೆ ಬಣ್ಣ ಬಳಿದವನು. ಡಬ್ಬಿಯ ತಳದಲ್ಲಿ ಉಳಿದ ಕೆಂಪು, ಬೂದು ಬಣ್ಣಗಳನ್ನು ಮನೆಗೆ ತರುತ್ತಿದ್ದ. ಮಗಳು ಅದನ್ನು ತಗಡಿನ ಮೇಲೆ ತೀಡುತ್ತಿದ್ದಳು. ಎಂಟನೆಯ ತರಗತಿಯಲ್ಲಿದ್ದಾಗ ಚಿತ್ರಕಲೆಯ ಶಿಕ್ಷಕಿಯೊಬ್ಬರು ರಟ್ಟು ಹರಿದ ಹಳೆಯ ಪ್ರಾಣಿಶಾಸ್ತ್ರದ ಪುಸ್ತಕವೊಂದನ್ನು ಅವಳ ಕೈಗಿತ್ತರು. ಅದರ ತುಂಬ ಕೈಯಿಂದ ಬಿಡಿಸಿದ ಚಿತ್ರಗಳು: ಒಣಗಿದ ಎಲೆಗಳ ನಡುವೆ ಎಲೆಯಂತೆಯೇ ಕುಳಿತ ನತ್ತಿಂಗ ಹಕ್ಕಿ, ಮರದ ತೊಗಟೆಯ ಬಣ್ಣದ ಹಲ್ಲಿ, ಮೈತುಂಬ ಮಚ್ಚೆಯ ಪುನುಗು ಬೆಕ್ಕು. ಭೂತಗನ್ನಡಿ ಹಿಡಿದು ನೋಡುತ್ತ ನೋಡುತ್ತ ಅವಳಿಗೆ ಒಂದು ವಿಷಯ ತಿಳಿಯಿತು. ಪ್ರಾಣಿಯ ಎಡಮೈಯ ಮಚ್ಚೆ ಬಲಮೈಯಲ್ಲಿ ಇರುವುದಿಲ್ಲ. ಒಂದೇ ಜಾತಿಯ ಎರಡು ಜೀವಗಳ ಚುಕ್ಕೆ ಎಂದೂ ಒಂದೇ ಅಲ್ಲ.

ಇದಾದ ಮೇಲೆ ಅವಳ ಹೇಸಿಗೆಗೆ ಹೊಸದೊಂದು ಕಾರಣ ಸೇರಿಕೊಂಡಿತು. ಶಾಲೆಗಳಿಗೆ ಭಿತ್ತಿಚಿತ್ರ ಬರೆದುಕೊಡುವ ಅಂಗಡಿಯಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಅಲ್ಲಿನ ಉಳಿದ ಕಲಾವಿದರು ಚಿರತೆಯ ಮೈಮೇಲೆ ಸ್ಪಂಜು ಅದ್ದಿ ಚಕಚಕನೆ ಒತ್ತುತ್ತಿದ್ದರು. ಎಲ್ಲ ಚುಕ್ಕೆಯೂ ಒಂದೇ ಅಳತೆ, ಒಂದೇ ಅಂತರ. ಅದನ್ನು ನೋಡಿದರೆ ಮಂಗಲಾಳಿಗೆ ಹಳಸಿದ ಅನ್ನ ಮೂಸಿದಂತಾಗುತ್ತಿತ್ತು. "ಇದು ಚಿರತಿ ಅಲ್ರಿ, ಲುಂಗಿ" ಎನ್ನುತ್ತಿದ್ದಳು. ಅವರು ಅವಳನ್ನು ಮಾತನಾಡಿಸುವುದನ್ನೇ ಬಿಟ್ಟರು.

ಅವಳಿಗೆ ಮೂವತ್ತಾರು ತುಂಬಿದ ವರ್ಷ ಪಣಜಿ ಹತ್ತಿರದ ಪರ್ವರಿಯಿಂದ ದೀಪಕ ಎಂಬ ವ್ಯಾಪಾರಿ ಹುಡುಕಿಕೊಂಡು ಬಂದ. ಬೆಳಗಾವಿಯ ಮನೆತನ, ದೊಡ್ಡ ಟೈಲ್ಸ್ ಅಂಗಡಿ, ಮನೆಯ ಹಿಂದೆ ಗದ್ದೆಯ ಅಂಚಿಗೆ ಹೊಸದಾಗಿ ಕಟ್ಟಿಸಿದ ಅತಿಥಿಗೃಹ. ಅದರ ಕೋಣೆಗಳ ಗೋಡೆಗೆ ಗೋವಾದ ಮಚ್ಚೆ-ಚುಕ್ಕೆಯ ಪ್ರಾಣಿಗಳ ಹನ್ನೆರಡು ಚಿತ್ರ ಬೇಕು, ಆಮೇಲೆ ಅವನ್ನೇ ಸೇರಿಸಿ ಪುಸ್ತಕ ಮಾಡಿಸುತ್ತೇನೆ ಎಂದ.

"ಹಳೇ ಕಾಲದ ಚಿತ್ರ ಇರ್ತಾವಲ್ಲ, ಹಂಗ ಬೇಕ್ರಿ. ನೋಡಿದವ್ರು ಇದು ಸಾಹೇಬ್ರ ಕಾಲದ್ದು ಅನ್ನಬೇಕು."

ಕೆಲಸ ಶುರುವಾಯಿತು. ನತ್ತಿಂಗ ಹಕ್ಕಿಯೊಂದಕ್ಕೇ ಅವಳು ಹದಿನೇಳು ದಿನ ತೆಗೆದುಕೊಂಡಳು. ದೀಪಕ ಎರಡು ದಿನಕ್ಕೊಮ್ಮೆ ಬಂದು ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದ. ಅವನ ಉಸಿರಿನಲ್ಲಿ ಗುಟಕಾ ಮತ್ತು ಏಲಕ್ಕಿಯ ವಾಸನೆ. "ಚುಕ್ಕಿ ಚುಕ್ಕಿ ಹಾಕಿದ್ರ ಆತಲ್ರಿ, ಯಾರು ಎಣಸ್ತಾರ?" ಎನ್ನುತ್ತಿದ್ದ. ಆದರೂ ಕೆಲಸ ಸಾಗುತ್ತಿದೆಯೆಂಬುದಕ್ಕೆ ಗುರುತಾಗಿ ಪ್ರತಿ ಹಾಳೆಯ ಮೂಲೆಯಲ್ಲಿ ತನ್ನ ಸಹಿ ಮತ್ತು ತಾರೀಖು ಹಾಕುತ್ತಿದ್ದ. ಅಂಗಡಿಯಲ್ಲಿ ಎಲ್ಲ ಕಾಗದಕ್ಕೂ ಹಾಗೆ ಮಾಡಿ ಅವನಿಗೆ ಅಭ್ಯಾಸ. ಚಿತ್ರದ ಹಾಳೆಯ ಮೇಲೆ ಆ ನೀಲಿ ಶಾಯಿ ಕಂಡಾಗ ಅವಳ ಹಲ್ಲು ಜುಮ್ಮೆನ್ನುತ್ತಿತ್ತು.

ಹನ್ನೆರಡನೆಯ ಚಿತ್ರ ಗೋಂಕರುಗಪ್ಪೆಯದು. ಮಳೆಗಾಲದ ಮೊದಲ ಗದ್ದೆನೀರಿನಲ್ಲಿ ಗಂಟಲು ಉಬ್ಬಿಸಿ ಕೂಗುವ, ಎರಡು ಅಂಗೈಯಗಲದ ಕಪ್ಪೆ. ಫೋಟೋ ನೋಡಿ ಬರೆಯುತ್ತೇನೆ ಎಂದು ಮಂಗಲಾ ಹೇಳಿದ್ದಳು. ಆದರೆ ಜುಲೈ ಮೊದಲ ವಾರ ಅವಳು ಪರ್ವರಿಗೆ ಹೋದಾಗ ಅತಿಥಿಗೃಹದ ಹಿಂದಿನ ಸಿಮೆಂಟ್ ತೊಟ್ಟಿಯಲ್ಲಿ ಏಳು ಕಪ್ಪೆಗಳಿದ್ದವು. ಮೇಲೆ ಕಬ್ಬಿಣದ ಜಾಳಿಗೆ.

"ಜೀವಂತ ನೋಡಿ ಬರೀರಿ. ಮುಗಿದ ಮ್ಯಾಲೆ ಗದ್ದ್ಯಾಗ ಬಿಟ್ಟರಾತು" ಎಂದ ದೀಪಕ.

ಕಪ್ಪೆ ಹಿಡಿಯುವುದು ಅಪರಾಧವೆಂದು ಅವಳಿಗೆ ಗೊತ್ತಿತ್ತು. ಪ್ರತಿ ಮಳೆಗಾಲವೂ ಪತ್ರಿಕೆಗಳಲ್ಲಿ ಬರುತ್ತದೆ. ಆದರೆ ಅಷ್ಟು ಹತ್ತಿರದಿಂದ ಆ ಚರ್ಮವನ್ನು ಅವಳು ಎಂದೂ ನೋಡಿರಲಿಲ್ಲ. ಮೂರು ನಾಲ್ಕು ದಿನದ ಮಾತು ಅಂದುಕೊಂಡು ಸುಮ್ಮನಾದಳು.

ಆ ದಿನಗಳು ಅವಳಿಗೆ ಹಿಂಸೆ. ಕಪ್ಪೆಯನ್ನು ಕೈಗೆತ್ತಿಕೊಂಡರೆ ಅದು ಬೆಚ್ಚಗೆ ಉಚ್ಚೆ ಹೊಯ್ಯುತ್ತಿತ್ತು. ಲೋಳೆ ಉಗುರಿನ ಸಂದಿಗೆ ಹೋಗಿ ಸಾಬೂನಿಗೂ ಜಗ್ಗುತ್ತಿರಲಿಲ್ಲ. ಒಂದು ಕಪ್ಪೆ ತನ್ನದೇ ಮೈಯ ಪೊರೆಯನ್ನು ಬನಿಯನ್ನಿನಂತೆ ತಲೆಯ ಮೇಲಿಂದ ಕಳಚಿ, ಕಣ್ಣು ಮುಚ್ಚಿ ನುಂಗಿತು. ಎರಡನೆಯ ಬೆಳಿಗ್ಗೆ ತೊಟ್ಟಿಯಲ್ಲಿ ಆರೇ ಇದ್ದವು. ಎಲ್ಲಕ್ಕಿಂತ ದೊಡ್ಡದರ ಬಾಯಿಂದ ಏಳನೆಯದರ ಕಾಲೊಂದು ಹೊರಗೆ ನೇತಾಡುತ್ತಿತ್ತು. ಬೆರಳುಗಳು ಇನ್ನೂ ಅಲುಗುತ್ತಿದ್ದವು. ಮಂಗಲಾ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೋಗಿ ವಾಂತಿ ಮಾಡಿಕೊಂಡಳು. ಅಡುಗೆಯ ರೂಪಿಬಾಯಿ ನೀರು ತಂದುಕೊಟ್ಟು ಬೆನ್ನು ಸವರಿದಳು.

"ಇಷ್ಟು ಹೇಸತೀದಿ, ಮತ್ತ್ಯಾಕ ಬರೀತಿ ಬೇ ಇವನ್ನ?"

"ಮೈ ನೋಡಬೇ. ಆ ಬಣ್ಣ ನೋಡು."

ಮೊದಲ ದಿನ ಅವುಗಳಲ್ಲಿದ್ದ ಎರಡು ಗಂಡುಕಪ್ಪೆಗಳು ನಿಂಬೆಹಣ್ಣಿನಂತೆ ಹಳದಿಯಾಗಿದ್ದವು. ತೊಟ್ಟಿಗೆ ಬಿದ್ದ ಮರುದಿನವೇ ಹಳದಿ ಇಳಿಯಿತು; ಅಡಿಯಿಂದ ಪಾಚಿಯ ಹಸಿರು, ಅದರ ಮೇಲೆ ಕಂದು ಮಚ್ಚೆಗಳು ಒಂದೊಂದಾಗಿ ಎದ್ದು ಬಂದವು. ಆರಕ್ಕೂ ಅವಳು ಸಂಖ್ಯೆ ಕೊಟ್ಟು, ಒಂದೊಂದರದೂ ಕರಡು ಚಿತ್ರ ಬರೆದಳು. ಒಂದನೆಯದರ ತೊಡೆಯ ಮೇಲೆ ಕೂಡಿಕೊಂಡ ಎರಡು ಮಚ್ಚೆ. ಎರಡನೆಯದರ ಬೆನ್ನು ಬಹುತೇಕ ಕಪ್ಪು. ಮೂರನೆಯದರ ಮೂತಿಯಿಂದ ಬೆನ್ನಿನ ಕೊನೆಯವರೆಗೆ ತೆಳು ಹಳದಿ ಗೆರೆ. ಭುಜದ ಹಿಂದೆ ಎರಡು ಕಡೆ ಅದು ತುಂಡಾಗಿ, ತುಂಡಿನ ನಡುವೆ ಸಾಸಿವೆ ಗಾತ್ರದ ಒಂದು ಬಿಳಿ ಚುಕ್ಕೆ. ಅವಳು ಆ ಮೂರನೆಯದನ್ನೇ ಮುಖ್ಯ ಚಿತ್ರಕ್ಕೆ ಆರಿಸಿಕೊಂಡಳು. ಮೂರು ದಿನದ ಕೆಲಸ ಎಂಟು ದಿನವಾಯಿತು. ಶನಿವಾರ ಸಂಜೆ ಕೊನೆಯ ಹಾಳೆಗೂ ದೀಪಕನ ಸಹಿ ಬಿತ್ತು.

"ನಾನೇ ಬಿಟ್ಟು ಬರ್ತೇನ್ರಿ ಗದ್ದಿಗೆ" ಎಂದಳು ಮಂಗಲಾ.

"ಮಳಿ ಜೋರೈತಿ, ನಿಮಗ ಬಸ್ಸು ತಪ್ತೈತಿ. ನಾವು ಬಿಡತೇವಿ. ನಾಳೆ ಮಧ್ಯಾಹ್ನ ಊಟಕ್ಕ ಬರ್ರಿ, ಗೆಳೆಯಾರಿಗೆ ಚಿತ್ರ ತೋರಸೋಣು."

ಭಾನುವಾರ ಅವಳು ಇಸ್ತ್ರಿ ಮಾಡಿದ ಸೀರೆ ಉಟ್ಟು, ಯಾರಾದರೂ ಕೇಳಿದರೆ ತೋರಿಸಲೆಂದು ಕಪ್ಪೆಗಳ ಕರಡು ಹಾಳೆಗಳನ್ನು ಚೀಲದಲ್ಲಿಟ್ಟುಕೊಂಡು ಹೋದಳು. ಹನ್ನೆರಡು ಚಿತ್ರಗಳನ್ನೂ ಪಡಸಾಲೆಯ ಗೋಡೆಗೆ ತೂಗುಹಾಕಿದ್ದರು. ಹತ್ತು ಹನ್ನೆರಡು ಜನ ಅತಿಥಿಗಳು. ಯಾರೂ ಹೆಚ್ಚು ಹೊತ್ತು ಚಿತ್ರದ ಮುಂದೆ ನಿಲ್ಲಲಿಲ್ಲ. ದೀಪಕ ಅವಳನ್ನು "ನಮ್ಮ ಪೇಂಟರ್" ಎಂದು ಪರಿಚಯಿಸಿ ಕೈಗೆ ತಟ್ಟೆ ಕೊಟ್ಟ. ರವೆ ಹಚ್ಚಿ ಕರಿದ ಸಣ್ಣ ತುಂಡುಗಳು, ಮೇಲೆ ನಿಂಬೆರಸ.

"ಕೋಳಿ ಏನ್ರಿ?"

"ಹೂಂ, ಜಿಗಿಯೋ ಕೋಳಿ" ಎಂದ ಪಕ್ಕದಲ್ಲಿದ್ದವನೊಬ್ಬ. ಎಲ್ಲರೂ ನಕ್ಕರು.

ಅವಳು ಒಂದು ತುಂಡು ತಿಂದಳು. ಮೆತ್ತಗಿತ್ತು, ಮೂಳೆ ಕಡ್ಡಿಯಷ್ಟು ತೆಳ್ಳಗಿತ್ತು. ಎರಡನೆಯದನ್ನು ಅರ್ಧ ತಿಂದಾಗ ಅದರ ಆಕಾರ ಕಣ್ಣಿಗೆ ಬಿತ್ತು: ತೊಡೆ, ಮೊಣಕಾಲು, ಮೀನಖಂಡ. ಎಂಟು ದಿನ ಅವಳು ಪೆನ್ಸಿಲ್ಲಿನಿಂದ ಅಳೆದ ಕಾಲು. ತಟ್ಟೆ ಇಟ್ಟು ಹಿತ್ತಿಲಿಗೆ ನಡೆದಳು.

ತೊಟ್ಟಿ ಖಾಲಿ. ಒಗೆಯುವ ಕಲ್ಲಿನ ಮೇಲೆ ಸ್ಟೀಲ್ ಬೋಗುಣಿ, ಅದರ ತುಂಬ ನೊಣ. ಒಳಗೆ ತಲೆಗಳು, ಕರುಳು, ಸುಲಿದು ಬಿಸಾಡಿದ ಚರ್ಮಗಳು. ಒದ್ದೆ ಕಾಲುಚೀಲಗಳ ಹಾಗೆ ಒಳಹೊರಗಾಗಿ ಬಿದ್ದಿದ್ದವು. ಅವಳು ಬೆರಳು ಹಾಕಿ ಮೇಲಿನದನ್ನು ತಿರುವಿ ಕಲ್ಲಿನ ಮೇಲೆ ಹರವಿದಳು. ಹಳದಿ ಗೆರೆ. ಎರಡು ಕಡೆ ತುಂಡು. ನಡುವೆ ಬಿಳಿ ಚುಕ್ಕೆ.

ಬಾಯೊಳಗಿನ ಮಸಾಲೆಯ ರುಚಿ ಹಾಗೇ ಇತ್ತು. ಹೊಟ್ಟೆಯಲ್ಲಿದ್ದುದೆಲ್ಲ ಹೊರಗೆ ಬಂತು. ಬಾಗಿಲಲ್ಲಿ ರೂಪಿಬಾಯಿ ಸೆರಗು ಕಚ್ಚಿಕೊಂಡು ನಿಂತಿದ್ದಳು.

"ನಾ ಏನ್ ಮಾಡ್ಲಿ ಮಂಗಲಾ, ಕೊಯ್ಯಿ ಅಂದ್ರು, ಕೊಯ್ದೆ. ನೀ ತಿಂತಿ ಅಂತ ಗೊತ್ತಿದ್ದಿಲ್ಲ."

ದೀಪಕ ಹಿಂದೆಯೇ ಬಂದ. ಅವನ ಕೈಯಲ್ಲಿ ಇನ್ನೂ ಒಂದು ತುಂಡು ಇತ್ತು.

"ಬಿಡತೇವಿ ಅಂದಿದ್ರಿ" ಎಂದಳು ಮಂಗಲಾ.

"ಚಿತ್ರ ಮುಗೀತಲ್ರಿ. ಇನ್ನ ಅವು ಯಾತಕ್ಕ?"

ಅವನು ಅದನ್ನು ಕೆಟ್ಟದಾಗಿ ಹೇಳಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ. ಹಾಗೆ ಕೇಳಿ, ಮೂಳೆಯನ್ನು ಚೀಪಿ ಬೋಗುಣಿಯೊಳಗೆ, ಚರ್ಮಗಳ ಮೇಲೆ ಎಸೆದ. ಮಂಗಲಾ ಅವನ ತುಟಿಯ ಎಣ್ಣೆಯನ್ನು ನೋಡಿದಳು. ಎಂಟು ದಿನ ಕಪ್ಪೆಯ ಲೋಳೆಗೆ, ಉಚ್ಚೆಗೆ ಹೇಸಿದ್ದೆಲ್ಲ ಅವಳಿಗೆ ಆ ಗಳಿಗೆಯಲ್ಲಿ ತೀರ ಸಣ್ಣದೆನಿಸಿತು. ಅಷ್ಟೇ ಹೇಸಿಗೆ ತನ್ನ ಮೇಲೂ ಆಯಿತು. ಜಾಳಿಗೆ ಮುಚ್ಚಿದ್ದ ಆ ತೊಟ್ಟಿಯ ಪಕ್ಕ ಸ್ಟೂಲು ಹಾಕಿಕೊಂಡು ಕುಳಿತವಳು ತಾನೇ ಅಲ್ಲವೇ?

"ರೂಪಿಬಾಯಿ, ಮುಚ್ಚಳದ ಡಬ್ಬಿ ಐತೇನು? ಒಂದೀಟು ಬರ್ಫ ಕೊಡು."

"ಏನ್ ಮಾಡಾಕತ್ತೀರಿ?" ದೀಪಕನ ದನಿ ಈಗ ಬದಲಾಯಿತು.

ಮಂಗಲಾ ಚೀಲದಿಂದ ಕರಡು ಹಾಳೆಗಳನ್ನು ತೆಗೆದು ಕಲ್ಲಿನ ಮೇಲೆ ಸಾಲಾಗಿ ಇಟ್ಟಳು. ಒಂದೊಂದು ಚರ್ಮವನ್ನೂ ತೊಳೆದು ಅದರ ಚಿತ್ರದ ಪಕ್ಕದಲ್ಲಿ ಹರಡಿ ಮೊಬೈಲಿನಲ್ಲಿ ಫೋಟೋ ತೆಗೆದಳು. ಐದು ಹೊಂದಿದವು, ಆರನೆಯದು ಗುರುತು ಸಿಗದಷ್ಟು ಹರಿದಿತ್ತು. ಅತಿಥಿಗಳು ಕಿಟಕಿಗೆ ಬಂದು ನೋಡತೊಡಗಿದ್ದರಿಂದ ದೀಪಕ ಕೈ ಹಿಡಿದು ತಡೆಯಲಾರದೆ ನಿಂತ. "ಹುಚ್ಚು ಹಿಡದೈತಿ ಈಕೀಗೆ" ಎಂದು ನಗಲು ನೋಡಿದ. ಅವಳು ಚರ್ಮಗಳನ್ನು ರೂಪಿಬಾಯಿ ತಂದುಕೊಟ್ಟ ಡಬ್ಬಿಗೆ, ಮಂಜುಗಡ್ಡೆಯ ನಡುವೆ ತುಂಬಿದಳು. ಒಳಗೆ ಹೋಗಿ ಗೋಡೆಯಿಂದ ಹನ್ನೆರಡನೆಯ ಚಿತ್ರವನ್ನು ಇಳಿಸಿ ಸೆರಗಿನಲ್ಲಿ ಸುತ್ತಿಕೊಂಡು ಗೇಟು ದಾಟಿದಳು.

ಪಣಜಿಯ ಬಸ್ಸಿನಲ್ಲಿ ಡಬ್ಬಿಯ ಮಂಜುಗಡ್ಡೆ ಕರಗಿ ಅವಳ ಮಡಿಲಿಗೆ ತೊಟ್ಟಿಕ್ಕಿತು. ಪಕ್ಕದ ಹೆಂಗಸು ಮೂಗು ಮುಚ್ಚಿಕೊಂಡು ಎದ್ದುಹೋದಳು. ಜೀವಮಾನವಿಡೀ ತಾನು ಬೇರೆಯವರ ಹತ್ತಿರದಿಂದ ಎದ್ದುಹೋಗುತ್ತಿದ್ದುದು ನೆನಪಾಗಿ ಮಂಗಲಾ ತಲೆ ತಗ್ಗಿಸಿದಳು.

ಅರಣ್ಯ ಇಲಾಖೆಯ ಕಚೇರಿಯಲ್ಲಿ ಆ ದಿನ ಅಂಬಿಕಾ ಎಂಬ ಗಾರ್ಡ್ ಕರ್ತವ್ಯದಲ್ಲಿದ್ದಳು. ಅವಳ ತವರು ಹಳಿಯಾಳ. ಕನ್ನಡ ಚೆನ್ನಾಗಿ ಬರುತ್ತಿತ್ತು. ಡಬ್ಬಿಯ ಮುಚ್ಚಳ ತೆಗೆದಾಗ ಹಿಂದಕ್ಕೆ ಸರಿಯಲಿಲ್ಲ. ಹಾಳೆಗಳನ್ನು ಒಂದೊಂದಾಗಿ ನೋಡಿದಳು, ಮೂಲೆಯ ಸಹಿಗಳನ್ನೂ ನೋಡಿದಳು.

"ತೊಟ್ಟ್ಯಾಗ ಇಟ್ಟಿದ್ದು ನಿಮಗೂ ಗೊತ್ತಿತ್ತು?"

"ಗೊತ್ತಿತ್ರಿ. ಎಂಟು ದಿನ ಅಲ್ಲೇ ಕುಂತಿದ್ದೆ."

"ಅದನ್ನೂ ಬರಕೊಡಬೇಕಾಗ್ತದ."

"ಬರೀತೇನ್ರಿ. ನಾ ತಿಂದದ್ದೂ ಬರೀತೇನಿ."

ಅಂಬಿಕಾ ಪೆನ್ನು ನಿಲ್ಲಿಸಿ ಅವಳ ಮುಖ ನೋಡಿದಳು. ಒಂದು ಲೋಟ ನೀರು ಮುಂದಿಟ್ಟಳು. ಲೋಟದ ಅಂಚಿನಲ್ಲಿ ಬೆರಳ ಗುರುತಿತ್ತು. ಮಂಗಲಾ ಕುಡಿದಳು.

ವಿಚಾರಣೆಯಲ್ಲಿ ದೀಪಕ ಎಲ್ಲವನ್ನೂ ಅಲ್ಲಗಳೆದ. ಕಪ್ಪೆಗಳನ್ನು ಶನಿವಾರವೇ ಗದ್ದೆಗೆ ಬಿಟ್ಟಿದ್ದೇನೆ, ಊಟಕ್ಕೆ ಕೋಳಿಯೇ ಇತ್ತು, ಈ ಚರ್ಮಗಳನ್ನು ಆಕೆ ಎಲ್ಲಿಂದಲೋ ತಂದಿದ್ದಾಳೆ, ಕಪ್ಪೆ ಅಂದಮೇಲೆ ಎಲ್ಲ ಒಂದೇ ಥರ ಇರುತ್ತವೆ ಎಂದ. ಪ್ರಾಣಿಶಾಸ್ತ್ರದ ತಜ್ಞರೊಬ್ಬರು ಹಾಳೆ ಮತ್ತು ಚರ್ಮಗಳನ್ನು ಅಕ್ಕಪಕ್ಕ ಇಟ್ಟು ನೋಡಿ, ಮೂರನೆಯದರ ಗೆರೆ ತುಂಡಾದ ಎರಡು ಜಾಗಗಳನ್ನೂ ನಡುವಿನ ಚುಕ್ಕೆಯನ್ನೂ ಅಳತೆಪಟ್ಟಿಯಿಂದ ಅಳೆದು, ಇದು ಅದೇ ಪ್ರಾಣಿ ಎಂದು ಬರೆದುಕೊಟ್ಟರು. ಆ ಹಾಳೆಯ ಮೂಲೆಯಲ್ಲಿ ದೀಪಕನ ಸಹಿ, ಶನಿವಾರದ ತಾರೀಖು. ರೂಪಿಬಾಯಿಯೂ ಕೊನೆಗೆ ನಿಜ ಹೇಳಿ ಆ ಮನೆಯ ಕೆಲಸ ಬಿಟ್ಟಳು. ಅವನ ಮೇಲೆ ಪ್ರಕರಣ ದಾಖಲಾಯಿತು. ಮಂಗಲಾಳಿಗೆ ಎಚ್ಚರಿಕೆ ಕೊಟ್ಟು, ಸಾಕ್ಷಿಯಾಗಿ ಹೆಸರು ಬರೆದುಕೊಂಡು, ಕರಡುಗಳನ್ನೂ ಹನ್ನೆರಡನೆಯ ಚಿತ್ರವನ್ನೂ ಪುರಾವೆಯಾಗಿ ಇಟ್ಟುಕೊಂಡರು.

ದೀಪಕನ ಪುಸ್ತಕ ಹೊರಬಂತು, ಬೇರೆಯವರ ಚಿತ್ರಗಳೊಂದಿಗೆ. ಪುಟಪುಟದಲ್ಲೂ ಸ್ಪಂಜಿನ ಚುಕ್ಕೆ. ಭಿತ್ತಿಚಿತ್ರದ ಅಂಗಡಿಯವರು ದೀಪಕನ ಪರಿಚಯದವರು. ಅವಳಿಗೆ ಕೆಲಸ ಕೊಡುವುದನ್ನು ನಿಲ್ಲಿಸಿದರು. ಯಮನೂರಪ್ಪ ಒಂದು ವಾರ ಬೈದ. "ಒಂದು ಕಪ್ಪಿ ಸಲುವಾಗಿ ಬಾಳೇ ಹಾಳ ಮಾಡಿಕೊಂಡಿ" ಎಂದ. ಆಮೇಲೆ ಒಂದು ಮಧ್ಯಾಹ್ನ ಆ ಕರಡುಗಳ ನಕಲು ಹಾಳೆಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಹಡಗಿನ ತಳಾನೂ ಹಿಂಗ ಇರ್ತಿತ್ತು. ತುಕ್ಕು ಒಂದರಂಗ ಒಂದು ಇರ್ತಿದ್ದಿಲ್ಲ" ಎಂದ. ಮತ್ತೆ ಬೈಯಲಿಲ್ಲ.

ಕೆಲವು ತಿಂಗಳ ಮೇಲೆ ಅಂಬಿಕಾಳಿಂದ ಫೋನ್ ಬಂತು. ಪೆಟ್ಟಿಗೆಯಲ್ಲಿ ತುಂಬಿ ಸಾಗಿಸುತ್ತಿದ್ದ ನಕ್ಷತ್ರ ಆಮೆಗಳು ಸಿಕ್ಕಿಬಿದ್ದಿದ್ದವು. ಒಂದೊಂದರ ಚಿಪ್ಪಿನ ನಕ್ಷೆಯನ್ನೂ ದಾಖಲೆಗೆ ಬರೆದುಕೊಡಬಹುದೇ ಎಂದು ಕೇಳಿದಳು. ಮಂಗಲಾ ಹೋದಳು. ಆಮೆಗಳು ತಮ್ಮದೇ ಹೇಲಿನಲ್ಲಿ ಹೊರಳಾಡಿ ನಾರುತ್ತಿದ್ದವು. ಒಂದೊಂದನ್ನೂ ಬ್ರಶ್ಶಿನಿಂದ ತೊಳೆದು, ಒರೆಸಿ, ನಲವತ್ತೊಂದು ಚಿತ್ರ ಬರೆದಳು. ಮನೆಗೆ ಬಂದು ಮೂರು ಸಲ ಸ್ನಾನ ಮಾಡಿದಳು. ಮುಂದೆ ಅಂಥ ಕೆಲಸ ಆಗಾಗ ಬರತೊಡಗಿತು. ಮಾಂಸವನ್ನು ಮಾತ್ರ ಅವಳು ಮತ್ತೆ ಬಾಯಿಗೆ ಇಡಲಿಲ್ಲ; ಕರಿದ ರವೆಯ ವಾಸನೆ ಬಂದರೆ ಬೀದಿಯ ಆಚೆ ಬದಿಗೆ ದಾಟುತ್ತಿದ್ದಳು.

ಹೋದ ವರ್ಷ ಸಾಕ್ಷಿ ಹೇಳಲು ನ್ಯಾಯಾಲಯಕ್ಕೆ ಹೋದಾಗ ಹೊರಗಿನ ಬೆಂಚಿನಲ್ಲಿ ದೀಪಕ ಎದುರಾದ. ಏನೂ ನಡೆದೇ ಇಲ್ಲವೆಂಬಂತೆ ಪಕ್ಕಕ್ಕೆ ಬಂದು ಕುಳಿತ.

"ಮಂಗಲಾಬಾಯಿ, ಆ ಕಪ್ಪಿ ಚಿತ್ರ ಭಾಳ ಚಲೋ ಬಂದಿತ್ತು ನೋಡ್ರಿ. ಇದೆಲ್ಲ ಮುಗಿದ ಮ್ಯಾಲೆ ನನಗ ಕೊಡ್ತೀರೇನು? ಬಂದವ್ರೆಲ್ಲ ಕೇಳ್ತಾರ."

ಅವಳು ಅವನ ಬಾಯನ್ನೇ ನೋಡಿದಳು.

"ನ್ಯಾಯಾಲಯದ ಕಪಾಟದಾಗ ಐತ್ರಿ. ಕೇಳಿದವ್ರನ್ನ ಇಲ್ಲಿಗೇ ಕಳಸ್ರಿ" ಎಂದು ಎದ್ದು, ನಲ್ಲಿ ಹುಡುಕಿಕೊಂಡು ಹೋಗಿ ಮುಖ ತೊಳೆದಳು. ಅಷ್ಟರಲ್ಲಿ ಒಳಗಿನಿಂದ ಅವಳ ಹೆಸರು ಕೂಗಿದರು.