ಗಲ್ಲದ ಮೇಲಿನ ಕೊಸರು

ನನ್ನ ಅಣ್ಣನ ಹೆಂಡತಿಗೆ, ಅಂದರೆ ನಮ್ಮ ವೈನಿಗೆ, ಐವತ್ತು ದಾಟಿದ ಮೇಲೆ ಗಲ್ಲ ಬಿಗಿ ಮಾಡಿಸಿಕೊಳ್ಳುವ ಹುಚ್ಚು ಹತ್ತಿತು. ಹುಚ್ಚು ಅನ್ನುವುದು ನನ್ನ ಮಾತಲ್ಲ, ನಮ್ಮ ಮನೆಯ ಗಂಡಸರದು. ಹುಚ್ಚು ಹತ್ತಿಸಿದವನು ಅಣ್ಣನೇ ಎಂಬುದು ಅವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹೊಳೆಯುವಷ್ಟು ತಲೆ ಅವರಿಗೆ ಎಂದೂ ಇರಲಿಲ್ಲ ಬಿಡಿ.

ಅವರ ಮಗಳ ನಿಶ್ಚಯದ ದಿನ ಧಾರವಾಡದಿಂದ ಬೀಗರು ಬಂದಿದ್ದರು. ಹುಡುಗನ ಸೋದರತ್ತೆಯೊಬ್ಬಳು ವೈನಿಯನ್ನು ಮೇಲಿಂದ ಕೆಳಗೆ ನೋಡಿ, ಅಣ್ಣನ ಕಡೆ ತಿರುಗಿ, "ನಿಮ್ಮ ತಾಯಾರ ಏನ್ರಿ? ಇನ್ನೂ ಛಲೋ ಗಟ್ಟಿ ಅದಾರ" ಅಂದಳು. ವೈನಿ ಅಣ್ಣನಿಗಿಂತ ಸಣ್ಣವಳು. ಆದರೆ ಅಣ್ಣ ಹದಿನೈದು ದಿನಕ್ಕೊಮ್ಮೆ ತಲೆಗೂ ಮೀಸೆಗೂ ಕರಿ ಬಳಿಸಿಕೊಂಡು ಓಡಾಡುತ್ತಾನೆ. ಇವಳು ಅವನ ಮನೆಯ ನಾಲ್ವರು ಹಿರಿಯರ ಉಚ್ಚೆ-ಹೇಲು ಬಳಿದು, ಮೂರು ಹೊತ್ತು ಒಲೆ ಮುಂದೆ ರೊಟ್ಟಿ ಬಡಿದು ಆ ಮುಖ ಗಳಿಸಿದ್ದಾಳೆ.

"ಅಲ್ಲರಿ, ಇವರು ನನ್ನ ಹೆಂಡತಿ" ಅನ್ನಬೇಕಾದವನು ಹೊಟ್ಟೆ ಹಿಡಿದುಕೊಂಡು ನಕ್ಕ. ಅಷ್ಟಕ್ಕೆ ಬಿಡಲಿಲ್ಲ. ಲಗ್ನಕ್ಕೆ ಕರೆಯಲು ಹೋದ ಮನೆಮನೆಯಲ್ಲೂ ಚಹಾ ಬರುವುದರೊಳಗೆ ಅದೇ ಕಥೆ ಹೇಳಿದ. ವೈನಿ ಕುಂಕುಮದ ಬಟ್ಟಲು ಹಿಡಿದು ಪಕ್ಕದಲ್ಲೇ ಕೂತು ತಾನೂ ನಗುತ್ತಿದ್ದಳು. ಗರಗದ ನೆಂಟರ ಮನೆಯಿಂದ ಮರಳುವಾಗ ಕಾರಿನ ಹಿಂದಿನ ಸೀಟಿನಲ್ಲಿ ನನ್ನ ಕಿವಿಯ ಹತ್ತಿರ ಬಂದು, "ಮದುವಿ ದಿನಾ ಇವರ ಬಾಜೂ ನಿಂತಾಗ ಯಾರೂ ನಗಬಾರದವಾ. ಅಷ್ಟ ಆದ್ರ ಸಾಕು ನನಗ" ಅಂದಳು. ಮುಂದಿನ ಸೀಟಿನಲ್ಲಿ ಅಣ್ಣ ಗೊರಕೆ ಹೊಡೆಯುತ್ತಿದ್ದ.

ಹೀಗೆ ನಾವಿಬ್ಬರೂ ಮುಖದ ಪೇಟೆಗೆ ಇಳಿದೆವು. ನನ್ನನ್ನು ಕರೆದುಕೊಂಡು ಹೋದದ್ದು ಇಂಗ್ಲಿಷ್ ಬೋರ್ಡು ಓದುವುದಕ್ಕೆ, ಬುದ್ಧಿ ಕೇಳುವುದಕ್ಕಲ್ಲ. ಹುಬ್ಬಳ್ಳಿಯಲ್ಲಿ ಈಗ ಕಿರಾಣಿ ಅಂಗಡಿಗಿಂತ ಚರ್ಮದ ಅಂಗಡಿಗಳೇ ಜಾಸ್ತಿ ಕಾಣುತ್ತವೆ. ಎಲ್ಲ ಬೋರ್ಡಿನ ಮೇಲೂ ಒಂದೇ ಹೆಣ್ಣು. ಅವಳು ಹುಬ್ಬಳ್ಳಿಯವಳಲ್ಲ, ನೋಡಿದರೆ ಯಾವ ಊರಿನ ಬಿಸಿಲನ್ನೂ ಕಂಡವಳಲ್ಲ. ಚಾಕು ಇಲ್ಲ, ಹೊಲಿಗೆ ಇಲ್ಲ, ಯಂತ್ರದಿಂದ ಚರ್ಮದೊಳಗೆ ಬಿಸಿ ಮುಟ್ಟಿಸಿದರೆ ಸಾಕು, ಜೋತದ್ದು ಬಿಗಿಯುತ್ತದೆ ಎಂದು ಎಲ್ಲರದೂ ಒಂದೇ ಪಾಠ. ದರ ಮಾತ್ರ ಒಬ್ಬರದಿದ್ದಂತೆ ಒಬ್ಬರದಿಲ್ಲ.

ಮೊದಲು ಹೋದದ್ದು ಚರ್ಮದ ಡಾಕ್ಟರರ ಹತ್ತಿರ. ಅವರು ವೈನಿಯ ಮುಖವನ್ನು ಬೆಳಕಿಗೆ ಹಿಡಿದು ನೋಡಿದರು. "ಸ್ವಲ್ಪ ಬಿಗಿ ಆಗ್ತದರಿ. ಅದೂ ಎಲ್ಲಾರಿಗೂ ಒಂದ ನಮೂನಿ ಆಗಂಗಿಲ್ಲ. ಫರಕ್ ಕಾಣಾಕ ಎರಡ ಮೂರ ತಿಂಗಳ ಬೇಕು. ಮದುವಿ ಮುಂದಿನ ತಿಂಗಳ ಅಂತೀರಿ. ಅದಕ್ಕಂತ ಮಾಡಿಸಬ್ಯಾಡ್ರಿ" ಅಂದರು. ದರ ಕೇಳಿದರೆ ಅರವತ್ತು ಸಾವಿರ.

"ಕಡೀಕ ಎಷ್ಟಕ್ಕ ಕೊಡ್ತೀರಿ?" ಅಂದಳು ವೈನಿ.

"ಇದರಾಗ ಚೌಕಾಸಿ ಇಲ್ಲರಿ ಅಮ್ಮಾರ."

ವೈನಿ ಸೆರಗು ಸರಿಪಡಿಸಿಕೊಂಡು ಎದ್ದೇ ಬಿಟ್ಟಳು. ಅವಳ ತವರು ಹಳೇ ಹುಬ್ಬಳ್ಳಿಯ ಅರಿವೆ ವ್ಯಾಪಾರಸ್ಥರ ಮನೆ. ಮದುವೆಯ ಬಸ್ತಾ ಖರೀದಿ, ಅಂದರೆ ಇಡೀ ಬಳಗದ ಸೀರೆ-ಅರಿವೆಯನ್ನು ಒಂದೇ ಅಂಗಡಿಯಲ್ಲಿ ಕೂತು ಕೊಳ್ಳುವುದು, ಎಲ್ಲೇ ಇದ್ದರೂ ಇವಳನ್ನು ಕರೆದೊಯ್ಯುತ್ತಾರೆ. ಮಧ್ಯಾಹ್ನದವರೆಗೆ ಚೌಕಾಸಿ ಮಾಡಿ ದರ ಹರಿಯುತ್ತಾಳೆ. ಹರಿದು ಮುಗಿದ ಮೇಲೂ ಏಳುವುದಿಲ್ಲ. ಮೇಲೊಂದು ಜಂಪರ್ ಪೀಸೋ, ಮುದುಕಿಯರಿಗೊಂದು ಸೀರೆಯೋ ಕೊಸರು ಹಾಕಿಸಿಕೊಂಡೇ ಏಳುತ್ತಾಳೆ. ಕೊಸರು ಬಿಟ್ಟು ಬಂದ ಹೆಂಗಸಿಗೆ ವ್ಯವಹಾರ ತಿಳಿಯದು ಎಂದು ಅವಳ ಲೆಕ್ಕ. "ಮಾಲು ಛಲೋ ಇದ್ದಾಂವ ನಾಕ ರೂಪಾಯಿ ಆದ್ರೂ ಇಳೀತಾನ. ಇಳೀದಾಂವಗ ಗಿರಾಕಿ ಅಂದ್ರ ಕಿಮ್ಮತ್ತಿಲ್ಲ" ಎಂದು ಮೆಟ್ಟಿಲು ಇಳಿಯುತ್ತ ನನಗೆ ಪಾಠ ಮಾಡಿದಳು. ಸತ್ಯ ಹೇಳಿದವನನ್ನು ಬಿಟ್ಟು ಬಂದ ಜಂಬ ಅದು.

ಎರಡನೆಯವನು ಧಾರವಾಡದ ಹಲ್ಲಿನ ಡಾಕ್ಟರು. ನನಗೆ ಇಂದಿಗೂ ನಗು ತಡೆಯುವುದಿಲ್ಲ. ಹಲ್ಲು ಕೀಳುವ ಕುರ್ಚಿಯಲ್ಲೇ ವೈನಿಯನ್ನು ಒರಗಿಸಿ, ಗದ್ದವೂ ಹಲ್ಲಿನ ಓಣಿಯದೇ ಎಂಬ ಧೈರ್ಯದಿಂದ ಗಲ್ಲ ಹಿಚುಕಿ ನೋಡಿದ. ನಲವತ್ತು ಸಾವಿರ, ಮೇಲೆ ಹಲ್ಲು ಸ್ವಚ್ಛ ಮಾಡುವುದು ಫುಕಟ್ ಅಂದ. ವೈನಿಯ ಕಣ್ಣು ಅರಳಿತು. ಆಮೇಲೆ ತನ್ನ ಮೇಲಿನ ಹಲ್ಲುಗಳೆಲ್ಲ ಕಟ್ಟಿಸಿದವು ಎಂದು ನೆನಪಾಗಿ, ದಂಡದ ಕೊಸರು ಯಾರಿಗೆ ಬೇಕು ಎಂದು ಎದ್ದು ಬಂದಳು.

ಮೂರನೆಯದು ಕೇಶ್ವಾಪುರದ ಬ್ಯೂಟಿ ಪಾರ್ಲರು. ಕೆಳಗೆ ಬೇಕರಿ, ಮೇಲೆ ಇದು. ಹೊಸ ಯಂತ್ರದ ಮೇಲೆ ಹೊದಿಸಿದ ಪ್ಲಾಸ್ಟಿಕ್ ಇನ್ನೂ ತೆಗೆದಿರಲಿಲ್ಲ. ಗೋಡೆಯ ಮೇಲಿನ ಸರ್ಟಿಫಿಕೇಟನ್ನು ಹತ್ತಿರ ಹೋಗಿ ಓದಿದೆ. ಅದನ್ನು ಕೊಟ್ಟವರು ಯಂತ್ರ ಮಾರಿದ ಕಂಪನಿಯವರೇ. ಮಾಲಕಿ ಇಪ್ಪತ್ತೈದು ಸಾವಿರದಿಂದ ಶುರು ಮಾಡಿ, ಅಯ್ಯೋ ಅಯ್ಯೋ ಎನ್ನುತ್ತ ಹದಿನೈದಕ್ಕೆ ಇಳಿದಳು. ಮದುವೆಯೊಳಗೆ ಹತ್ತು ವರ್ಷ ಸಣ್ಣವರಾಗಿ ಕಾಣುತ್ತೀರಿ ಎಂದೂ ಸೇರಿಸಿದಳು. ಇಷ್ಟು ಸುಳ್ಳಿಗೆ ಹದಿನೈದು ಸಾವಿರ ಅಗ್ಗವೇ ಸರಿ.

"ವೈನಿ, ಇದು ಸೀರಿ ಅಲ್ಲ, ಮಾರಿ. ಬಣ್ಣ ಕೆಟ್ರ ತಿರುಗಿ ಕೊಡಾಕ ಬರಂಗಿಲ್ಲ" ಅಂದೆ.

"ನೀ ಸಾಲ್ಯಾಗ ಹುಡುಗರಿಗೆ ಹೇಳು. ವ್ಯವಹಾರ ನನಗ ಬಿಡು" ಅಂದಳು.

ಮುಖಕ್ಕೆ ತಂಪು ಲೋಳೆ ಬಳಿದು, ಯಂತ್ರದ ಕೈಹಿಡಿಯನ್ನು ಇಸ್ತ್ರಿ ಆಡಿಸಿದಂತೆ ಗಲ್ಲದ ಮೇಲೆ ಆಡಿಸಿದರು. ಮುಗಿಯಿತು, ಏಳಿ ಅಂದರೆ ವೈನಿ ಏಳಲಿಲ್ಲ.

"ಕೊಸರು ಎಲ್ಲಿ?" ಅಂದಳು.

ಮಾಲಕಿ ನಗುತ್ತ ಒಂದು ಕ್ರೀಮಿನ ಡಬ್ಬಿ ತಂದಳು.

"ಡಬ್ಬಿ ಬ್ಯಾಡ. ಈ ಎಡಗಲ್ಲ ಭಾಳ ಜೋತೈತಿ. ಅದರ ಮ್ಯಾಲ ಇನ್ನಾ ಒಂದೆರಡ ಸರ್ತಿ ಆಡಸ್ರಿ."

ಕಲಿತವಳಾಗಿದ್ದರೆ ಆಗುವುದಿಲ್ಲ ಅನ್ನುತ್ತಿದ್ದಳು. ಇವಳು ಅಂಗಡಿಕಾರ್ತಿ, ಗಿರಾಕಿ ಸಂತೋಷವಾಗಿರಲಿ ಎಂದು ಮತ್ತೆ ಆಡಿಸಿದಳು. ಉರಿಯುತ್ತದೆಯೇ ಎಂದು ಕೇಳಿದ್ದಕ್ಕೆ ವೈನಿ ಕಣ್ಣು ಮುಚ್ಚಿಕೊಂಡೇ, "ಉರೀಲಿ ಬಿಡ್ರಿ. ಒಲಿ ಮುಂದ ಕುಂತ ಮಾರಿ ಇದು" ಅಂದಳು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಆಗ ಗೊತ್ತಾಗಲಿಲ್ಲ.

ಸಂಜೆಗೆ ಬೊಬ್ಬೆ ಎದ್ದಿತು. ಬೊಬ್ಬೆ ಒಣಗಿ ಸಿಪ್ಪೆ ಬಿದ್ದ ಮೇಲೆ ಎಡಗಲ್ಲದ ನಡುವೆ ಕಪ್ಪು ಕಲೆ ಉಳಿಯಿತು. ಕೈ ತೋರಿಸಿ ಅವಲಕ್ಷಣ ಅನ್ನಿಸಿಕೊಳ್ಳುವುದು ಎಂದರೆ ಇದೇ. ಪಾರ್ಲರಿನವಳು, "ನಿಮ್ಮ ತ್ವಚಾ ಭಾಳ ನಾಜೂಕ ಐತ್ರಿ" ಎಂದು ತಪ್ಪನ್ನು ಗಲ್ಲದ ಮೇಲೆಯೇ ಹೊರಿಸಿ, ಕಲೆ ತೆಗೆಯುವುದಕ್ಕೆ ಬೇರೆ ಯಂತ್ರವಿದೆ, ಅರ್ಧ ದರಕ್ಕೆ ಮಾಡಿಕೊಡುತ್ತೇನೆ ಅಂದಳು. ಕಡೆಗೆ ಮೊದಲಿನ ಡಾಕ್ಟರರ ಹತ್ತಿರವೇ ಹೋದೆವು. ಅವರು ಬೈಯಲಿಲ್ಲ. ಮುಲಾಮು ಬರೆದುಕೊಟ್ಟು, ಬಿಸಿಲಿಗೆ ಹೋಗಬೇಡಿ, ಕಲೆ ತಿಳಿಯಾಗಲು ತಿಂಗಳುಗಳೇ ಬೇಕು ಅಂದರು. ಅವರು ಹೇಳಿದಷ್ಟು ಫೀಸನ್ನು ವೈನಿ ಮಾತಿಲ್ಲದೆ ಮೇಜಿನ ಮೇಲಿಟ್ಟು ಬಂದಳು. ಅವಳು ಚೌಕಾಸಿ ಮಾಡದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಅಣ್ಣನಿಗೆ ಮಾತ್ರ ಹಬ್ಬ. ಕರೆಯಲು ಉಳಿದಿದ್ದ ಮನೆಗಳಿಗೆ ಹೊಸ ಕಥೆ ಸಿಕ್ಕಿತು. "ನಮ್ಮಾಕಿ ಹದಿನೆಂಟರ ಹುಡುಗಿ ಆಗಾಕ ಹೋಗಿ ಹೊತ್ತಿಸಿಕೊಂಡ ಬಂದಾಳ" ಎಂದು ತೊಡೆ ತಟ್ಟುತ್ತಿದ್ದ. ಒಡಹುಟ್ಟಿದವನ ಬಗ್ಗೆ ಹೀಗೆ ಬರೆಯಬಾರದು. ಆದರೂ ಬರೆಯುತ್ತೇನೆ: ಆ ನಗೆ ಕೇಳಿದಾಗಲೆಲ್ಲ ನನಗೆ ಹೇಸಿಗೆಯಾಗುತ್ತಿತ್ತು. ಪಾರ್ಲರಿನವಳು ಒಂದೇ ದಿನ ಸುಟ್ಟಳು. ಅದಕ್ಕಾದರೂ ಮುಲಾಮು ಇತ್ತು.

ಮದುವೆ ದಿನ ಅಕ್ಷತೆ ಬಿದ್ದ ಮೇಲೆ ಎರಡೂ ಕಡೆಯವರು ಫೋಟೊಕ್ಕೆ ನಿಂತೆವು. ವೈನಿ ಅಣ್ಣನ ಪಕ್ಕ ನಿಂತಿದ್ದಳು. ಪೌಡರು ಹಚ್ಚಿದರೂ ಕಲೆ ಮುಚ್ಚಿರಲಿಲ್ಲ, ಅವಳು ಸೆರಗನ್ನು ಎಡಗಿವಿಯ ಮೇಲೆ ಎಳೆದುಕೊಳ್ಳುತ್ತಿದ್ದಳು. ಫೋಟೊದವನು ಒಳ್ಳೆಯ ಮನಸ್ಸಿನಿಂದಲೇ, ಆದರೆ ಇಡೀ ಮಂಟಪಕ್ಕೆ ಕೇಳುವಂತೆ, "ಅಮ್ಮಾರ, ಸೆರಗ ಬಿಡ್ರಿ. ಗಲ್ಲದ ಕಲಿ ನಾ ಕಂಪ್ಯೂಟರದಾಗ ಅಳಸ್ತೇನಿ. ಬೇಕಾದ್ರ ಸುಕ್ಕೂ ಅಳಸ್ತೇನಿ" ಅಂದ.

"ಅಳಸಪಾ ಅಳಸು. ಮೊದಲ ನಿನ್ನ ಕಡೆನ ಕಳಸಬೇಕಾಗಿತ್ತು ನೋಡು ಈಕೀನ್ನ" ಎಂದು ಅಣ್ಣ ದೊಡ್ಡದಾಗಿ ನಕ್ಕ. ಬೀಗರು ನಕ್ಕರು. ಹಿಂದಿನ ಸಾಲಿನವರು ಏನಾಯಿತೆಂದು ಕೇಳಿ ತಿಳಿದುಕೊಂಡು ಅವರೂ ನಕ್ಕರು.

ವೈನಿ ನಗಲಿಲ್ಲ. ಸೆರಗು ಬಿಟ್ಟಳು. ಎಡಗಲ್ಲ ಪೂರ್ತಿ ಬೆಳಕಿಗೆ ಬಂತು. ಅಂಗಡಿಯಲ್ಲಿ ಸೀರೆ ಬದಿಗೆ ಸರಿಸುವಾಗಿನ ತಣ್ಣನೆಯ ದನಿಯಲ್ಲೇ ಫೋಟೊದವನಿಗೆ ಹೇಳಿದಳು.

"ಕಲಿ ಇರಲಿ. ಸುಕ್ಕೂ ಇರಲಿ. ಅಳಸೂದ ಇದ್ರ ಇವರನ್ನ ಅಳಸ್ರಿ."

ಯಾರೂ ನಗಲಿಲ್ಲ. ಹುಡುಗನ ಆ ಸೋದರತ್ತೆ ತನ್ನ ಬಳೆ ನೋಡಿಕೊಂಡಳು. ಮದುಮಗಳು ಸಾಲು ಬಿಟ್ಟು ಬಂದು ತಾಯಿಯ ಕೈ ಹಿಡಿದು ನಿಂತಳು. ಅಣ್ಣನ ಬಾಯಿ ಅರ್ಧ ತೆರೆದಿರುವಾಗಲೇ ಫೋಟೊದವನು ಗಾಬರಿಯಲ್ಲಿ ಗುಂಡಿ ಒತ್ತಿದ. ಆಲ್ಬಮ್ಮಿನಲ್ಲಿ ಅದೇ ಫೋಟೊ ಇದೆ. ಮನೆಗೆ ಬಂದವರಿಗೆಲ್ಲ ವೈನಿ ಆ ಪುಟ ತೆಗೆದು ತೋರಿಸುತ್ತಾಳೆ, ಅಣ್ಣ ನೀರು ಕುಡಿಯಲು ಒಳಗೆ ಹೋಗುತ್ತಾನೆ.