ದ್ವೀಪದಿಂದ ದ್ವೀಪಕ್ಕೆ ಹೋಗದ ಹಡಗು

ಗ್ರೀಸಿನ ದ್ವೀಪಗಳ ನಡುವೆ ಡಿಸೆಂಬರ್‌ನಲ್ಲಿ ಹಡಗು ಓಡುತ್ತದೆಯೇ ಎಂದು ವಿಚಾರಿಸುವ ಕೆಲಸವನ್ನು ಅಕ್ಕ ನನಗೆ ವಹಿಸಿದ್ದಳು. ನಾನು ವಿಚಾರಿಸಲಿಲ್ಲ. ವಿಚಾರಿಸಿದ್ದೇನೆ ಎಂದು ಹೇಳಿದೆ.

ಅಕ್ಕ ಮಲೇಷ್ಯಾದ ನಿಲಾಯ್ ಎಂಬ ಊರಿನ ಹತ್ತಿರದ ಮೆಡಿಕಲ್ ಕಾಲೇಜೊಂದರಲ್ಲಿ ಅನಾಟಮಿ ಕಲಿಸುತ್ತಾಳೆ. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಅವಳ ಬೆನ್ನಿಗೇ ಈ ದೇಶಕ್ಕೆ ಬಂದು, ಕ್ಲಾಂಗ್ ಬಂದರಿನಲ್ಲಿ ಕಂಟೇನರುಗಳನ್ನು ಹಡಗಿಗೆ ಬಿಗಿದು ಕಟ್ಟುವ ಕೆಲಸಕ್ಕೆ ಸೇರಿದೆ. ಕಾಲೇಜಿನ ಒಪ್ಪಂದ ಮುಗಿದು ಉಡುಪಿಗೆ ಹಿಂತಿರುಗುವ ಮೊದಲು ಗ್ರೀಸ್ ನೋಡಬೇಕು ಎಂಬುದು ಅವಳ ಆಸೆ. ಅವಳು ಪಾಠ ಮಾಡುವ ಎಲುಬು, ನರಗಳ ಹೆಸರುಗಳಲ್ಲಿ ಎಷ್ಟೋ ಆ ದೇಶದ ಭಾಷೆಯವಂತೆ. "ದಿನಾ ಬಾಯಲ್ಲಿ ಹೇಳೋದನ್ನ ಒಮ್ಮೆ ಕಣ್ಣಲ್ಲಿ ನೋಡ್ಬೇಡ್ವಾ ಮಾರಾಯ? ನೀನೂ ಬಾ" ಎಂದಳು.

ಭಾನುವಾರಗಳಲ್ಲಿ ನಾವು ಅವಳ ಮನೆ ಹತ್ತಿರದ ಮಾಮಕ್ ಅಂಗಡಿಯಲ್ಲಿ, ಅಂದರೆ ಇಲ್ಲಿನ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ರೊಟ್ಟಿ ತಿಂದು, ಚಹಾ ಕುಡಿಯುತ್ತ ಕೂರುತ್ತಿದ್ದೆವು. ಅಲ್ಲಿ ಮೊದಲ ಸಲ ಅವಳು ನಕ್ಷೆ ಬಿಡಿಸಿದಾಗ ನಾನು ಚಹಾವನ್ನೇ ಮರೆತೆ. ಒಗ್ಗರಣೆಯಿಂದ ಸಿಡಿದ ಸಾಸಿವೆಯ ಹಾಗೆ ನೀಲಿಯ ತುಂಬ ದ್ವೀಪಗಳು. ಇಷ್ಟು ನೆಲವನ್ನು ಹೀಗೆ ಯಾರು ಚೆಲ್ಲಿದರು ಎನಿಸಿತು.

"ಇಲ್ನೋಡು, ಭೂಮಿ ಇಲ್ಲಿ ಕತ್ತಿನಷ್ಟು ಸಪುರ ಉಂಟು, ಇಸ್ತ್ಮಸ್ ಅಂತಾರೆ ಇದಕ್ಕೆ. ಅದನ್ನೇ ಕಡಿದು ಕಾಲುವೆ ಮಾಡಿದ್ದಾರೆ. ನಮ್ಮ ಥೈರಾಯ್ಡ್‌ನಲ್ಲೂ ಇದೇ ಹೆಸರಿನ ಜಾಗ ಉಂಟು, ಗೊತ್ತುಂಟಾ?"

ಫೋನಿನಲ್ಲಿ ಆ ಕಾಲುವೆಯ ಚಿತ್ರ ತೋರಿಸಿದಳು. ಎರಡೂ ಬದಿ ನೆಟ್ಟಗೆ ನಿಂತ ಬಂಡೆ, ತಳದಲ್ಲಿ ದಾರದಂಥ ನೀರು, ಅದರಲ್ಲಿ ಒಂದು ಪುಟ್ಟ ಹಡಗು. ದಿನವಿಡೀ ಹಡಗುಗಳ ನಡುವೆ ಇರುವವನು ನಾನು. ಆ ಹಡಗನ್ನು ನೋಡಿ ನನ್ನ ಮೈ ಜುಮ್ಮೆಂದಿತು. ಆಮೇಲೆ ಮೆಟಿಯೊರಾ ಎಂಬ ಕಡೆಯ ಚಿತ್ರ. ಆಕಾಶಕ್ಕೆ ಎದ್ದ ಕಂಬದಂಥ ಬಂಡೆಗಳ ತಲೆಯ ಮೇಲೆ ಮಠಗಳು. ಹಿಂದಿನ ಕಾಲದಲ್ಲಿ ಸನ್ಯಾಸಿಗಳನ್ನು ಬಲೆಯಲ್ಲಿ ಕೂರಿಸಿ ಹಗ್ಗದಿಂದ ಮೇಲೆಳೆಯುತ್ತಿದ್ದರಂತೆ.

"ಹಗ್ಗ ಯಾರು ಚೆಕ್ ಮಾಡ್ತಿದ್ರು?" ಎಂದು ಕೇಳಿದೆ.

"ದೇವರು! ನಿನ್ನ ಸೂಪರ್‌ವೈಸರ್ ಅಂತೂ ಅಲ್ಲ" ಎಂದು ನಕ್ಕಳು. "ಹಡಗಿನ ಪಾಲು ನಿನ್ನದು, ಆಯ್ತಾ? ನ್ಯಾಕ್ಸೋಸ್, ಸ್ಯಾಂಟೊರಿನಿ, ಅಲ್ಲಿಂದ ಕ್ರೀಟ್. ಚಳಿಗಾಲದಲ್ಲಿ ಹಡಗು ಉಂಟಾ ಕೇಳು. ನನಗೆ ರಜೆ ಸಿಗೋದು ಆಗಲೇ."

ಓದಿದ ಅಕ್ಕ ನನ್ನನ್ನು ನಂಬಿ ಕೆಲಸವೊಂದನ್ನು ಕೊಟ್ಟದ್ದು ಅದೇ ಮೊದಲು. ಫೋನಿನಲ್ಲಿ ಹುಡುಕಲು ಕುಳಿತೆ. ಇಂಗ್ಲಿಷ್ ಸಾಲುಗಳ ಮುಂದೆ ಸೋತೆ. ಬಂದರಿನ ಕಚೇರಿಯಲ್ಲಿ ಕೇಳಬಹುದಿತ್ತು. ಕೇಳಿದರೆ ನಗುತ್ತಾರೆಂದು ಸುಮ್ಮನಾದೆ. ಅಲ್ಲದೆ ನಮ್ಮಲ್ಲಿ ಜನವರಿಯೂ ಜುಲೈಯೂ ಒಂದೇ ಸೆಕೆ. ಮಳೆ ಎಷ್ಟೇ ಹೊಡೆದರೂ ತುಸು ಹೊತ್ತು ನಿಂತು ಕೆಲಸ ಮತ್ತೆ ಶುರುವಾಗುತ್ತದೆ. ಋತು ನೋಡಿ ಹಡಗು ನಿಲ್ಲಿಸುವ ಊರು ಇರಬಹುದೆಂದು ನನಗೆ ಹೊಳೆಯಲೇ ಇಲ್ಲ. "ವರ್ಷವಿಡೀ ಓಡ್ತದೆ ಅಕ್ಕ, ಕೇಳಿದ್ದೇನೆ" ಎಂದೆ. ಅವಳು ವಿಮಾನದ ಟಿಕೆಟ್ ಮಾಡಿಸಿಯೇ ಬಿಟ್ಟಳು.

ಬಾಂಗ್ಸಾರ್‌ನಲ್ಲಿರುವ ಅವಳ ಮಗಳು ಒಂದು ಭಾನುವಾರ ಬಂದು, ನಕ್ಷೆಯ ಮೇಲೆ ಎಳೆದಿದ್ದ ಗೆರೆಗಳನ್ನು ನೋಡಿದಳು. ಫೋನ್ ಒತ್ತಿದಳು.

"ಮಾಮ, ಇಟ್ಸ್ ವಿಂಟರ್ ಲಾ! ಸ್ಯಾಂಟೊರಿನಿ ಟು ಕ್ರೀಟ್, ನೋ ಬೋಟ್. ಹೂ ಟೋಲ್ಡ್ ಯೂ?"

ನನ್ನ ನಾಲಿಗೆ ನನಗಿಂತ ಮುಂಚೆ ಓಡಿತು. "ಈ ವರ್ಷ ಬದಲಾಯಿಸಿರಬೇಕು. ನಾನು ಕೇಳಿದಾಗ ಇತ್ತು."

"ಅವನಿಗೆ ಹೇಳಿಕೊಡ್ತೀಯಾ ನೀನು?" ಎಂದು ಅಕ್ಕ ಮಗಳನ್ನೇ ಗದರಿದಳು. "ಬಂದರಿನವನು ಅವನು."

ಆ ಮಾತು ಕೇಳುವ ಬದಲು ಬೈಸಿಕೊಂಡಿದ್ದರೆ ವಾಸಿಯಿತ್ತು.

ಮುಂದಿನ ಭಾನುವಾರ ಅಕ್ಕ ಒಬ್ಬಳೇ ಬಂದಳು. ನಕ್ಷೆಯಲ್ಲಿ ನ್ಯಾಕ್ಸೋಸ್ ಇರಲಿಲ್ಲ, ಸ್ಯಾಂಟೊರಿನಿಯೂ ಇರಲಿಲ್ಲ; ಅಲ್ಲಿಂದ ಮುಂದೆ ಹಡಗಿಲ್ಲ, ಹಿಂತಿರುಗಿ ಬರಲು ದಿನ ಸಾಲದು ಎಂದು ಪೆನ್ನಿನಿಂದ ಹೊಡೆದು ಹಾಕಿದ್ದಳು. ಉಳಿದ ದಿನಗಳನ್ನೆಲ್ಲ ಒಳನಾಡಿಗೆ ಕೊಟ್ಟಿದ್ದಳು: ಕಾಲುವೆ, ಬಂಡೆ ಮೇಲಿನ ಮಠಗಳು, ಬೆಟ್ಟದ ಊರುಗಳಿಗೆ ಬಸ್ಸು. ಕೊನೆಗೆ ಪಿರೇಯಸ್ ಬಂದರಿನಿಂದ ಕ್ರೀಟ್‌ಗೆ ಒಂದೇ ಒಂದು ದೊಡ್ಡ ಹಡಗು. ಕೈತಪ್ಪಿದ್ದರ ಬಗ್ಗೆ ಒಂದು ಮಾತೂ ಆಡದೆ, ಆ ಬೆಟ್ಟಗಳ ಹೆಸರುಗಳನ್ನು ಮೆಲ್ಲಗೆ ಓದಿ ಹೇಳಿದಳು. ಕೇಳುತ್ತ ನನಗೆ ಮತ್ತೆ ಬೆರಗಾಯಿತು. ಆ ದೇಶ ದೊಡ್ಡದು, ನಿಜ. ಅವಳು ಅದಕ್ಕೂ ದೊಡ್ಡವಳಾಗಿ ಕಂಡಳು.

"ಈ ಹಡಗನ್ನೂ ಒಮ್ಮೆ ನೀನೇ ಕೇಳಿಬಿಡು ಮಾರಾಯ. ಇಂಟರ್ನೆಟ್ಟಲ್ಲಿ ಉಂಟು ಅಂತ ತೋರಿಸ್ತದೆ, ಆದರೆ ನೀನು ಹೇಳಿದ್ರೇ ನನಗೆ ಧೈರ್ಯ."

ಪಕ್ಕದ ಮೇಜಿನವರು ಜೋರಾಗಿ ನಗುತ್ತಿದ್ದರು. ಅಂಗಡಿಯವನು ಚಹಾ ತಂದಿಟ್ಟು ಹೋಗುವವರೆಗೆ ಕಾದೆ. ಮತ್ತೆ ಕಾಯಲು ನೆಪ ಸಿಗಲಿಲ್ಲ.

"ಅಕ್ಕ, ಆವತ್ತು ನಾನು ಯಾರನ್ನೂ ಕೇಳಿರಲಿಲ್ಲ. ಓದ್ಲಿಕ್ಕೆ ಆಗಲಿಲ್ಲ, ಕೇಳ್ಲಿಕ್ಕೆ ನಾಚಿಕೆಯಾಯ್ತು. ಬದಲಾಯಿಸಿದ್ದಾರೆ ಅಂದದ್ದೂ ಸುಳ್ಳು. ನಿನ್ನ ದ್ವೀಪಗಳನ್ನು ಹಾಳು ಮಾಡಿದ್ದು ನಾನೇ. ತಪ್ಪಾಯ್ತು ಅಕ್ಕ, ನನ್ನನ್ನು ಕ್ಷಮಿಸು."