ಹೊಸಪೇಟೆಯಲ್ಲಿ ಯಾರಿಗೂ ಬೇಡವಾದ ತರಬೇತಿ

ಕೋವಿಡ್ ಗದ್ದಲ ಮುಗಿದ ಮರುವರ್ಷ. ಆಗ ನಾನು ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಮುಖ್ಯ ಗ್ರಂಥಪಾಲಕಿಯಾಗಿದ್ದೆ. ನಿವೃತ್ತಿ ಹತ್ತಿರ ಬಂದಿತ್ತು. ಹೊಸಪೇಟೆಯ ಒಂದು ಖಾಸಗಿ ಆಸ್ಪತ್ರೆ ಸಂಸ್ಥೆಯಿಂದ ಫೋನ್ ಬಂತು. ಆ ಸಂಸ್ಥೆಗೆ ಹೊಸಪೇಟೆಯಲ್ಲಿ ಆಸ್ಪತ್ರೆ, ಸಂಡೂರಿನಲ್ಲಿ ನರ್ಸಿಂಗ್ ಶಾಲೆ, ಕಂಪ್ಲಿಯಲ್ಲಿ ಪ್ಯಾರಾಮೆಡಿಕಲ್ ಕಾಲೇಜು ಇದ್ದವು. ಮೂರೂ ಕಡೆ ಸೇರಿ ಆರು ಮಂದಿ ಗ್ರಂಥಪಾಲಕರು. ಅವರಿಗೆ ಕೆಲವು ಭಾನುವಾರ ಮರುತರಬೇತಿ ಕೊಟ್ಟು, ಕೊನೆಗೊಂದು ಪರೀಕ್ಷೆ ನಡೆಸಿ ಅಂಕ ಕೊಡಬೇಕೆಂದು ಕೇಳಿದರು. ನಮ್ಮ ಪ್ರಾಂಶುಪಾಲರು ಬಾಯಿಮಾತಿನಲ್ಲೇ ಒಪ್ಪಿಗೆ ಕೊಟ್ಟರು. ನಾನೂ ಒಪ್ಪಿಕೊಂಡೆ.

ವೈದ್ಯಕೀಯ ಗ್ರಂಥಪಾಲಕರ ಕೆಲಸ ಪುಸ್ತಕ ಕೊಟ್ಟು ತೆಗೆದುಕೊಳ್ಳುವುದಷ್ಟೇ ಎಂದು ಹೊರಗಿನವರು ತಿಳಿದಿರುತ್ತಾರೆ. ನಾನು ಕೆಲಸಕ್ಕೆ ಸೇರಿದಾಗ ಅದು ಹೆಚ್ಚುಕಡಿಮೆ ನಿಜವೂ ಆಗಿತ್ತು. ಈಗ ಹಾಗಲ್ಲ. ವಾರ್ಡಿನಲ್ಲಿ ರೋಗಿಯನ್ನು ದಾಖಲಿಸಿಕೊಂಡ ವೈದ್ಯರು ಒಂದು ಪ್ರಶ್ನೆ ಕಳಿಸುತ್ತಾರೆ. ಈ ಔಷಧಿ ಗರ್ಭಿಣಿಗೆ ಕೊಡಬಹುದೇ, ಈ ಚಿಕಿತ್ಸೆಯಿಂದ ನಿಜವಾಗಿ ಲಾಭವಿದೆಯೇ, ಎಂಬಂಥದ್ದು. ಜಗತ್ತಿನಲ್ಲಿ ಪ್ರಕಟವಾದ ಲಕ್ಷಾಂತರ ಲೇಖನಗಳ ಡೇಟಾಬೇಸಿನಲ್ಲಿ ನಂಬಬಹುದಾದ ನಾಲ್ಕೈದನ್ನು ಹುಡುಕಿ ಕೊಡುವುದು ನಮ್ಮ ಕೆಲಸ. ಹುಡುಕುವ ವಿಧಾನ ಆಗಾಗ ಬದಲಾಗುತ್ತದೆ. ಹಾಗಾಗಿ ಈ ವೃತ್ತಿಯಲ್ಲಿ ಕಲಿಕೆ ಮುಗಿಯುವುದಿಲ್ಲ.

ಮೊದಲ ಭಾನುವಾರ ಆಸ್ಪತ್ರೆಯ ಮೇಲಿನ ಮಹಡಿಯ ಕಂಪ್ಯೂಟರ್ ಕೋಣೆಗೆ ಹೋದೆ. ನಮಸ್ಕಾರ ಅಂದರೆ ಯಾರೂ ತಲೆ ಎತ್ತಲಿಲ್ಲ. ಐವರು ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕುಳಿತಿದ್ದರು. ಒಬ್ಬಾಕೆ ಮಾತ್ರ ಮುಂದಿನ ಸಾಲಿನಲ್ಲಿ, ಕೀಬೋರ್ಡಿನ ಮೇಲೆ ತನ್ನ ಚೀಲ ಇಟ್ಟುಕೊಂಡು, ಕೈಕಟ್ಟಿ ಕುಳಿತಿದ್ದರು. ಸಂಡೂರು ನರ್ಸಿಂಗ್ ಶಾಲೆಯ ಗ್ರಂಥಪಾಲಕಿ ಸರೋಜಮ್ಮ. ವಯಸ್ಸು ಐವತ್ತು ದಾಟಿತ್ತು.

"ಚೀಲ ಕೆಳಗಿಡ್ರಿ, ಶುರು ಮಾಡೋಣ" ಅಂದೆ.

"ನೀವು ಶುರು ಮಾಡ್ರಿ. ನಾವು ಕಲಿಯಾಕ ಬಂದಿಲ್ಲ. ಬರ್ಲಿಲ್ಲಂದ್ರ ಪಗಾರ ಹಿಡೀತೀವಿ ಅಂದ್ರು, ಬಂದೀವಿ" ಅಂದರು.

ಹಿಂದಿನ ಸಾಲಿನಲ್ಲಿ ನಗು ಎದ್ದಿತು. ಅದು ನನ್ನನ್ನು ಕುರಿತ ನಗು.

ನಾನು ಪಾಠ ಶುರುಮಾಡಿದೆ. ಡೇಟಾಬೇಸಿನಲ್ಲಿ ಪ್ರತಿ ಲೇಖನಕ್ಕೂ ತಜ್ಞರು ವಿಷಯಶೀರ್ಷಿಕೆ ಹಚ್ಚಿರುತ್ತಾರೆ. ನಾವು ಬಾಯಿಗೆ ಬಂದ ಪದ ಟೈಪ್ ಮಾಡಿದರೆ ಕಸವೇ ಹೆಚ್ಚು ಸಿಗುತ್ತದೆ. ಸರಿಯಾದ ಶೀರ್ಷಿಕೆ ಹಿಡಿದರೆ ಬೇಕಾದ್ದು ಸಿಗುತ್ತದೆ. ಅವರೂರಿನದೇ ಉದಾಹರಣೆ ಕೊಟ್ಟೆ. 'ಗಣಿ ಧೂಳು, ಶ್ವಾಸಕೋಶ' ಎಂದು ಹುಡುಕುವ ಬದಲು ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆಗಳಿಗೆಲ್ಲ ಇರುವ 'ನ್ಯುಮೋಕೋನಿಯೋಸಿಸ್' ಎಂಬ ಶೀರ್ಷಿಕೆ ಬಳಸಿ ತೋರಿಸಿದೆ.

"ಧೂಳಿನ ಸುದ್ದಿ ಬಳ್ಳಾರಿಯಿಂದ ಬಂದು ನಮಗ ಹೇಳ್ತೀರೇನು?" ಸರೋಜಮ್ಮ ಕೇಳಿದರು. "ದಿನಾ ಮುಂಜಾನೆ ಅದನ್ನ ಒರಸಿ ಕುಂದ್ರತೀನಿ ನಾ."

ಮುಂದಿನ ವಾರಗಳೂ ಹೀಗೇ. ಪ್ರೊಜೆಕ್ಟರಿನ ವೈರ್ ಕಿತ್ತಿರುತ್ತಿತ್ತು. ಎಲ್ಲರಿಗೂ ಚಹಾ ಬರುತ್ತಿತ್ತು, ನನಗೆ ಇಲ್ಲ. ನಾನು ಅಭ್ಯಾಸಕ್ಕೆ ಕೊಟ್ಟ ಪ್ರಶ್ನೆಗಳನ್ನು ಓದದೆ ಮಡಚಿ ಬೀಸಣಿಗೆ ಮಾಡಿಕೊಳ್ಳುತ್ತಿದ್ದರು. ಕಂಪ್ಲಿಯ ಮೆಹಬೂಬ್ ಎಂಬ ಗ್ರಂಥಪಾಲಕರಿಗೆ ಮಾತ್ರ ನಿಜವಾಗಿ ಆಸಕ್ತಿ ಇತ್ತು. ಎರಡನೆಯ ವಾರ ಅವರು ಎರಡು ಒಳ್ಳೆಯ ಪ್ರಶ್ನೆ ಕೇಳಿದರು. ಮಧ್ಯಾಹ್ನ ಊಟಕ್ಕೆ ಕುಳಿತಾಗ ಉಳಿದವರು ಅವರಿಗೆ ಜಾಗ ಬಿಡಲಿಲ್ಲ. ಮೂರನೆಯ ವಾರ ಮೆಹಬೂಬ್ ಕೂಡ ಮತ್ತೆ ಗೋಡೆಗೆ ಒರಗಿ ಕುಳಿತರು. ನಾನು ಕಣ್ಣು ಹಾಯಿಸಿದರೆ ಕಿಟಕಿಯಾಚೆ ನೋಡಿದರು.

ನನಗೂ ಸಿಟ್ಟು ತಲೆಗೇರಿತ್ತು. ಎಂಥೆಂಥ ಹಟಮಾರಿ ಡಾಕ್ಟರುಗಳಿಗೆ ಹುಡುಕುವುದನ್ನು ಕಲಿಸಿದ್ದೇನೆ, ಇವರೇನು ಮಹಾ ಎಂಬ ಬಿರುಸು. ಸರೋಜಮ್ಮನ ಮುಖ ಕಂಡರೆ ಮೈಯುರಿಯುತ್ತಿತ್ತು. ಆಕೆ ದಡ್ಡಿಯಲ್ಲ, ಆದರೆ ಮೌಸ್ ಹಿಡಿಯಲು ಬರುತ್ತಿರಲಿಲ್ಲ. ಬರುವುದಿಲ್ಲ ಎಂದು ಒಪ್ಪುತ್ತಲೂ ಇರಲಿಲ್ಲ. ಅವರ ಗ್ರಂಥಾಲಯವನ್ನೇ ನೋಡಿಬಿಡೋಣ, ಅಲ್ಲೇ ಕೂತು ಹೇಳಿಕೊಟ್ಟರೆ ದಾರಿಗೆ ಬಂದಾರು ಎಂದುಕೊಂಡು ಒಂದು ದಿನ ರಜೆ ಹಾಕಿ ಸಂಡೂರಿಗೆ ಹೊರಟೆ.

ಗಣಿಗಳ ಸೀಮೆ ಬರುವ ಹೊತ್ತಿಗೆ ಅದಿರಿನ ಲಾರಿಗಳ ಸಾಲಿನಲ್ಲಿ ನಮ್ಮ ಬಸ್ಸು ಸಿಕ್ಕಿಕೊಂಡಿತು. ಸಂಡೂರು ಮುಟ್ಟಿದಾಗ ನನ್ನ ಬಿಳಿ ಸೀರೆಯ ಅಂಚು ಕೆಂಪಾಗಿತ್ತು. ನರ್ಸಿಂಗ್ ಶಾಲೆಯ ಹಿಂಬದಿಯಲ್ಲಿ ಒಂದು ಉದ್ದನೆಯ ಕೋಣೆ. ಸರೋಜಮ್ಮ ಬಾಗಿಲಲ್ಲೇ ನಿಂತರು. ಚೌಕಟ್ಟಿಗೆ ಕೈ ಅಡ್ಡ ಇಟ್ಟರು.

"ತಪಾಸಣೆಗೆ ಬಂದೀರೇನ್ರಿ?"

"ಕಲಿಸಾಕ ಬಂದೀನಿ. ಭಾನುವಾರ ಎಲ್ಲರ ಮುಂದ ಬ್ಯಾಡಾದ್ರ ಇಲ್ಲೇ ಕೂತು ಮಾಡೋಣ."

"ಏನ್ ಭಾಳ ಕಾಳಜಿ ನಿಮಗ! ನಿಮ್ಮ ಕಡೆಯಿಂದ ಮಾರ್ಕ್ಸ್ ಹೋದ ಮ್ಯಾಲೆ ಕಡಿಮಿ ಬಿದ್ದವರನ್ನ ಮನಿಗೆ ಕಳಸ್ತಾರ. ಅದಕ್ಕ ಕರಸ್ಯಾರ ನಿಮ್ಮನ್ನ. ಗೊತ್ತಿಲ್ದಂಗ ಆಡಬ್ಯಾಡ್ರಿ."

"ಯಾರು ಹೇಳಿದ್ದು ನಿಮಗ?"

"ಯಾರ್ ಹೇಳ್ಬೇಕು? ಇಷ್ಟು ವರ್ಷ ನಮ್ಮ ಕಂಪ್ಯೂಟರ್ ಕೆಟ್ರ ರಿಪೇರಿ ಮಾಡಸ್ಲಿಲ್ಲ. ಈಗ ಒಮ್ಮಿಗೇ ನಮ್ಮ ಕಲಿಕಿ ಮ್ಯಾಲೆ ಪ್ರೀತಿ ಹುಟ್ಟಿತೇನು? ನಡೀರಿ, ಬಸ್ ತಪ್ಪತೈತಿ."

ಬಾಗಿಲು ಹಾಕಿಕೊಂಡರು. ನಾನು ಆಕೆಯ ಮಾತು ನಂಬಲಿಲ್ಲ. ಕಲಿಯದಿರಲು ಹುಡುಕಿದ ನೆಪ ಎಂದುಕೊಂಡೆ. ಆದರೂ ಮಾತು ಮನಸ್ಸಿನಲ್ಲಿ ಕೊರೆಯತೊಡಗಿತು. ಸಂಜೆ ಬಳ್ಳಾರಿಗೆ ಹಿಂದಿರುಗುವ ಮೊದಲು ಹೊಸಪೇಟೆಗೆ ಹೋಗಿ ಆಸ್ಪತ್ರೆಯ ಆಡಳಿತಾಧಿಕಾರಿಯನ್ನು ಕಂಡೆ. ಮೈಸೂರು ಕಡೆಯವರು, ಬಹಳ ವಿನಯದ ಮನುಷ್ಯ. ನನ್ನನ್ನು ಕರೆಸಿದ್ದವರೂ ಅವರೇ. ನೇರವಾಗಿ ಕೇಳಿದೆ.

ಅವರು ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದು ಎಂದು ಅವರಿಗೆ ಅನ್ನಿಸಿಯೇ ಇರಲಿಲ್ಲ. "ಮೂರು ಲೈಬ್ರರಿ ಸೇರಿಸಿ ಒಂದು ಡಿಜಿಟಲ್ ಸೆಂಟರ್ ಮಾಡ್ತಾ ಇದ್ದೀವಿ ಮೇಡಂ. ಇಬ್ಬರು ಸಾಕು."

"ಉಳಿದ ನಾಲ್ವರನ್ನು ನೀವು ತೆಗೀತೀರಿ."

"ನಾವು ಯಾರನ್ನೂ ತೆಗೆಯಲ್ಲ ಮೇಡಂ. ನಿಮ್ಮ ಪರೀಕ್ಷೆ ತೆಗೆಯುತ್ತೆ. ತರಬೇತಿ ಕೊಟ್ಟರೂ ಕಲಿಯಲಿಲ್ಲ ಅಂದ್ರೆ ಯಾರು ತಾನೇ ಏನು ಮಾಡೋಕಾಗುತ್ತೆ? ನಿಮ್ಮಂಥ ಹೊರಗಿನವರು ಹೇಳಿದರೆ ತಕರಾರು ಬರಲ್ಲ."

ನನ್ನ ಹೆಸರು, ನನ್ನ ವೃತ್ತಿ, ಅಷ್ಟು ವರ್ಷ ನಾನು ಕಲಿತದ್ದು ಇವರಿಗೆ ಯಾಕೆ ಬೇಕಾಗಿತ್ತೆಂದು ಆಗ ಅರ್ಥವಾಯಿತು. ನಾನು ಪರೀಕ್ಷೆ ನಡೆಸುವುದಿಲ್ಲ, ಅಂಕವನ್ನೂ ಕೊಡುವುದಿಲ್ಲ ಅಂದೆ. ಅವರ ವಿನಯ ಅಲ್ಲಿಗೆ ಮುಗಿಯಿತು.

"ಸರ್ಕಾರಿ ನೌಕರರು ಭಾನುವಾರ ಖಾಸಗಿ ಸಂಸ್ಥೆಯಲ್ಲಿ ಪಾಠ ಮಾಡೋಕೆ ಲಿಖಿತ ಅನುಮತಿ ಬೇಕು ಅಲ್ವಾ ಮೇಡಂ? ನಿಮ್ಮ ಹತ್ತಿರ ಇದೆಯಾ?"

ಇರಲಿಲ್ಲ. ಅದು ಅವರಿಗೆ ಮೊದಲೇ ಗೊತ್ತಿತ್ತು.

ಮುಂದಿನ ಭಾನುವಾರ ಪಾಠ ಶುರುಮಾಡುವ ಮೊದಲು ಆರೂ ಮಂದಿಗೆ ನಡೆದದ್ದನ್ನು ಇದ್ದಂತೆಯೇ ಹೇಳಿದೆ. ಇನ್ನು ಮೇಲೆ ನಾನು ಬರುವುದಿಲ್ಲ, ನನ್ನಿಂದ ಯಾರ ನೌಕರಿಗೂ ಕುತ್ತು ಬರುವುದು ಬೇಡ ಅಂದೆ. ಅವರ ಮುಖ ಸಡಿಲವಾಗಬಹುದು ಎಂದುಕೊಂಡಿದ್ದೆ. ಸರೋಜಮ್ಮ ಎದ್ದು ನಿಂತರು.

"ನಾ ಹೇಳಿದಾಗ ನಂಬಲಿಲ್ಲ. ಆ ಸಾಹೇಬ ಹೇಳಿದ ಮ್ಯಾಲೆ ನಂಬಿದ್ರಿ. ಈಗ ಕೈ ತೊಳಕೊಂಡು ಹೊಂಟೀರಿ. ನೀವು ಹೋದ್ರ ಅವರು ಸುಮ್ನಿರ್ತಾರೇನು? ನಾಳೆ ಮತ್ತೊಬ್ಬರನ್ನ ಕರಸ್ತಾರ. ಅವರು ಬಂದು ಪರೀಕ್ಷಾ ಇಟ್ಟು ಹೋಗ್ತಾರ. ನಾವೇನ್ ಮಾಡ್ಬೇಕ್ರಿ ಆವಾಗ?"

ಆಕೆ ಚೀಲ ತೆಗೆದು ನೆಲದ ಮೇಲೆ ಬಿಸಾಕಿ ಕುರ್ಚಿ ಎಳೆದುಕೊಂಡರು. "ಕಲಸ್ರಿ. ಯಾರ್ ಬಂದು ಏನ್ ಕೇಳಿದ್ರೂ ಉತ್ತರಾ ಹುಡುಕಿ ಮಾರಿಗೆ ಹಿಡಿಯೂವಂಗ ಕಲಸ್ರಿ. ನಿಮ್ಮ ಮ್ಯಾಲಿನ ಪ್ರೀತಿಗಲ್ಲ."

ಉಳಿದವರು ಒಬ್ಬೊಬ್ಬರಾಗಿ ಮುಂದಿನ ಸಾಲಿಗೆ ಬಂದರು. ತರಬೇತಿ ಕೊಟ್ಟೆವೆಂದು ತೋರಿಸಬೇಕಿದ್ದ ಆಡಳಿತಾಧಿಕಾರಿ ಉಳಿದ ಭಾನುವಾರಗಳ ಪಾಠವನ್ನು ತಡೆಯಲಿಲ್ಲ. ನನ್ನ ವೃತ್ತಿಜೀವನದಲ್ಲಿ ಅಷ್ಟು ಸಿಟ್ಟಿನಿಂದ ಕಲಿತ ವಿದ್ಯಾರ್ಥಿಗಳನ್ನು ನಾನು ಕಂಡಿಲ್ಲ. ಸರೋಜಮ್ಮ ಮೌಸನ್ನು ಮೇಜಿಗೆ ಕುಟ್ಟುತ್ತಿದ್ದರು. ತಪ್ಪು ಶೀರ್ಷಿಕೆ ಬಂದರೆ ಪರದೆಗೆ ಬೈಯುತ್ತಿದ್ದರು, ನಾನು ತಿದ್ದಿದರೆ ನನಗೆ ಬೈಯುತ್ತಿದ್ದರು. "ಒಂದ್ಸಲ ಹೇಳ್ರಿ, ಆದ್ರ ತಿಳಿಯೂವಂಗ ಹೇಳ್ರಿ" ಎಂದು ಗದರುತ್ತಿದ್ದರು. ಮೆಹಬೂಬ್ ಈಗ ಬಹಿರಂಗವಾಗಿಯೇ ಕೇಳತೊಡಗಿದರು, ಕಲಿತದ್ದನ್ನು ಉಳಿದವರಿಗೆ ಹೇಳಿಕೊಟ್ಟರು. ನನಗೆ ಚಹಾ ಮಾತ್ರ ಆಗಲೂ ಬರಲಿಲ್ಲ. ಆ ಕೋಣೆಯ ಹಗೆತನ ಕರಗಲಿಲ್ಲ, ದಿಕ್ಕು ಬದಲಿಸಿತು. ಅದರಲ್ಲಿ ಒಂದು ಪಾಲು ನನ್ನ ಕಡೆಗೇ ಉಳಿಯಿತು.

ಸರೋಜಮ್ಮ ಹೇಳಿದಂತೆಯೇ ಆಯಿತು. ಆಡಳಿತಾಧಿಕಾರಿ ಹುಬ್ಬಳ್ಳಿ ಕಡೆಯಿಂದ ಒಬ್ಬ ಪರೀಕ್ಷಕರನ್ನು ಕರೆಸಿದರು. ನನ್ನನ್ನು ಒಳಗೆ ಬಿಡಲಿಲ್ಲ. ಒಳಗೆ ನಡೆದದ್ದನ್ನು ಆಮೇಲೆ ಮೆಹಬೂಬ್ ಹೇಳಿದರು. ಡೆಂಗಿ ಬಂದ ಮಗುವಿಗೆ ರಕ್ತಸ್ರಾವ ಇಲ್ಲದಿದ್ದರೂ ಪ್ಲೇಟ್‌ಲೆಟ್ ಏರಿಸುವುದರಿಂದ ಲಾಭವಿದೆಯೇ, ನಂಬಬಹುದಾದ ಲೇಖನ ಹುಡುಕಿ ಎಂಬುದು ಒಂದು ಪ್ರಶ್ನೆ. ಆರೂ ಮಂದಿ ಹುಡುಕಿ ಕೊಟ್ಟರು. ಎಲ್ಲರಿಗಿಂತ ಕೊನೆಗೆ ಮುಗಿಸಿದವರು ಸರೋಜಮ್ಮ. ಪರೀಕ್ಷಕರು, "ಇಷ್ಟು ಹೊತ್ತು ಬೇಕೇನಮ್ಮ?" ಎಂದರಂತೆ. "ಡಾಕ್ಟ್ರ ಕೈಗೆ ತಪ್ಪು ಕೊಡೂದಕ್ಕಿಂತ ತಡ ಆದ್ರ ಆಗ್ಲಿ. ತಪ್ಪಿದ್ರ ತೋರಸ್ರಿ" ಎಂದು ಇವರು ಎದುರು ನಿಂತರಂತೆ. ತೋರಿಸುವಂಥ ತಪ್ಪು ಇರಲಿಲ್ಲ. ಪರೀಕ್ಷಕರು ಆರೂ ಮಂದಿಯನ್ನು ಪಾಸು ಮಾಡಿ ಬಸ್ಸು ಹತ್ತಿದರು.

ತೆಗೆಯಬೇಕಾದರೆ ಈಗ ಆಡಳಿತಾಧಿಕಾರಿ ತಮ್ಮದೇ ಹೆಸರಿನಲ್ಲಿ ತೆಗೆಯಬೇಕಾಗಿತ್ತು. ಅದಕ್ಕೆ ಅವರು ಮುಂದಾಗಲಿಲ್ಲ. ಯಾರ ಕೆಲಸವೂ ಹೋಗಲಿಲ್ಲ. ಆದರೆ ಹಟ ಅವರಿಗೂ ಇತ್ತು. ಸಂಡೂರಿನ ಗ್ರಂಥಾಲಯಕ್ಕೆ ಬೀಗ ಬಿತ್ತು. ಸರೋಜಮ್ಮನನ್ನು ಹೊಸಪೇಟೆಗೆ ವರ್ಗ ಮಾಡಿದರು. ಮನೆಯಿಂದ ನಾಲ್ಕು ಹೆಜ್ಜೆಯಲ್ಲಿದ್ದ ಕೆಲಸ ಹೋಗಿ ದಿನವೂ ಲಾರಿಗಳ ನಡುವೆ ಬಸ್ಸಿನ ಪ್ರಯಾಣ ಗಂಟುಬಿತ್ತು. ನನ್ನ ಮೇಲೆ ನಮ್ಮ ಕಾಲೇಜಿಗೆ ದೂರು ಹೋಯಿತು. ಬಾಯಿಮಾತಿನ ಒಪ್ಪಿಗೆ ಕೊಟ್ಟಿದ್ದ ಪ್ರಾಂಶುಪಾಲರಿಗೆ ಅದು ನೆನಪಿಗೆ ಬರಲಿಲ್ಲ. ನೋಟಿಸಿಗೆ ಉತ್ತರ ಬರೆದೆ. ಕಾಲೇಜಿನ ತರಬೇತಿ ಸಮಿತಿಯಲ್ಲಿದ್ದ ನನ್ನನ್ನು ಅದರಿಂದ ಕೈಬಿಟ್ಟರು. ನಿವೃತ್ತಿಯವರೆಗೂ ಆ ಸಮಿತಿಗೆ ನನ್ನನ್ನು ಮತ್ತೆ ಕರೆಯಲಿಲ್ಲ.

ನಿವೃತ್ತಿಯಾದ ಮೇಲೆ ಒಂದು ಸಂಜೆ ಹೊಸಪೇಟೆ ಬಸ್ ನಿಲ್ದಾಣದಲ್ಲಿ ಸರೋಜಮ್ಮ ಸಿಕ್ಕರು. ನಾನೇ ಹೋಗಿ ಮಾತಾಡಿಸಿದೆ. ಕೆಲಸ ಹೇಗಿದೆ ಎಂದು ಕೇಳಿದೆ.

"ಮಕ್ಕಳ ವಾರ್ಡಿನ ಡಾಕ್ಟ್ರು ದಿನಾ ಏನಾರ ಒಂದು ಹುಡುಕಾಕ ಹಚ್ತಾರ. ಹುಡುಕಿ ಕೊಡ್ತೀನಿ" ಅಂದರು. ಚೀಲ ಹೆಗಲಿಗೇರಿಸಿಕೊಂಡು, "ನಿಮ್ಮಿಂದ ನಮ್ಮ ನೌಕರಿ ಉಳೀತು ಅಂತ ಮೆಹಬೂಬಣ್ಣ ಅಂತಾನ. ನಾ ಅನ್ನಂಗಿಲ್ಲ. ನಿಮ್ಮಂಥವರು ಬರದಿದ್ರ ನಮ್ಮ ನೌಕರಿಗೆ ಕಂಟಕನ ಬರ್ತಿದ್ದಿಲ್ಲ" ಅಂದರು.

ಸಂಡೂರು ಬಸ್ಸು ಬಂತು. ಆಕೆ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದರು. "ಇನ್ನೊಮ್ಮೆ ಯಾರಾರ ಕಲಸಾಕ ಕರದ್ರ, ಏನ್ ಕಲಸ್ಬೇಕು ಅಂತ ಆಮ್ಯಾಲೆ ಕೇಳ್ರಿ. ಯಾಕ ಕಲಸ್ಬೇಕು ಅಂತ ಮೊದಲ ಕೇಳ್ರಿ."

ವೃತ್ತಿಯಲ್ಲಿರುವವರು ಕಲಿಯುತ್ತಲೇ ಇರಬೇಕು ಎಂಬ ನನ್ನ ನಂಬಿಕೆ ಇವತ್ತಿಗೂ ಬದಲಾಗಿಲ್ಲ. ಕಲಿಸುವ ಕೈಯಿಂದಲೇ ಕತ್ತು ಹಿಡಿದು ನೂಕಿಸುವವರೂ ಇರುತ್ತಾರೆ ಎಂಬುದು ಮಾತ್ರ ಅಲ್ಲಿಯವರೆಗೆ ನನಗೆ ತಿಳಿದಿರಲಿಲ್ಲ. ಈಗಲೂ ತರಬೇತಿಗೆ ಕರೆ ಬರುತ್ತದೆ. ಒಪ್ಪುವ ಮೊದಲು ಈ ಕಲಿಕೆಯ ಫಲಿತಾಂಶ ಯಾರ ಕೈಗೆ ಹೋಗುತ್ತದೆ, ಅದರಿಂದ ಅವರು ಏನು ಮಾಡುತ್ತಾರೆ ಎಂದು ಕೇಳುತ್ತೇನೆ. ಕೆಲವರು ತಕ್ಷಣ ಉತ್ತರ ಹೇಳುತ್ತಾರೆ. ಇನ್ನು ಕೆಲವರು, ವಿಚಾರಿಸಿ ತಿಳಿಸುತ್ತೇವೆ ಮೇಡಂ ಅನ್ನುತ್ತಾರೆ. ಅವರು ಮತ್ತೆ ಫೋನ್ ಮಾಡುವುದಿಲ್ಲ.